ನೆಲಮಾಳಿಗೆಯ ಸ್ಕ್ರೂ ಅಕ್ಕ

ಬೀದಿ ಇನ್ನೂ ಎದ್ದಿಲ್ಲ. ಎದುರು ಸಾಲಿನ ಬಟ್ಟೆ ಅಂಗಡಿಗಳ ಷಟರ್‌ಗಳೆಲ್ಲ ಮುಚ್ಚಿವೆ. ಹಾಲಿನ ವ್ಯಾನೊಂದು ತಿರುವಿನಲ್ಲಿ ಗೇರು ಬದಲಿಸಿ ಮರೆಯಾದ ಮೇಲೆ ಸದ್ದೆಂಬುದೇ ಇಲ್ಲ. ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನಡಿ, ನಲವತ್ತು ದಾಟಿದ ಹೆಂಗಸೊಬ್ಬರು ಕಪ್ಪು ತಗಡಿನ ಡಬ್ಬಿಯೊಂದರ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಾರೆ. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿ ಡಬ್ಬಿಯ ಮೈಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ. ರಾತ್ರಿಯಿಡೀ ಓಡಿದ ಕಂಪ್ಯೂಟರಿನ ಫ್ಯಾನುಗಳು ಹೇಗೆ ಉಸಿರಾಡುತ್ತಿವೆ ಎಂದು ಅವರು ಕೇಳಿಸಿಕೊಳ್ಳುತ್ತಿದ್ದಾರೆ.

"ಈಗಲೇ ಕೇಳ್ಬೇಕು. ಅಂಗಡಿಗಳು ಬಾಗಿಲು ತೆರೆದ್ಮೇಲೆ ಇಲ್ಲಿ ಸಿಡಿಲು ಬಡಿದ್ರೂ ಗೊತ್ತಾಗಲ್ಲ," ಎನ್ನುತ್ತಾರೆ.

ಫ್ಯಾನಿನ ಬೇರಿಂಗ್ ಸವೆಯಲು ಶುರುವಾದರೆ ಮೊದಲು ಒಂದು ಸಣ್ಣ ಗೊಣಗಾಟ ಹುಟ್ಟುತ್ತದೆ. ಪವರ್ ಸಪ್ಲೈ ಕಳಪೆಯಾಗಿದ್ದರೆ ಭಾರ ಹೆಚ್ಚಿದಾಗ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಎರಡನ್ನೂ ಅಳೆಯುವ ಉಪಕರಣಗಳಿವೆ, ಇವರ ಬಳಿ ಇಲ್ಲ. ಇರುವುದು ಬೆಳಗಿನ ನಿಶ್ಶಬ್ದ, ಒಂದು ಸ್ಕ್ರೂಡ್ರೈವರ್, ತಲೆಬುರುಡೆಯ ಮೂಳೆ. ಸದ್ದು ಗಾಳಿಯಲ್ಲಿ ಬರುವುದಕ್ಕಿಂತ ಲೋಹ ಮತ್ತು ಮೂಳೆಯ ಮೂಲಕ ಸ್ಪಷ್ಟವಾಗಿ ಬರುವುದರಿಂದ ಈ ವಿಧಾನದಲ್ಲಿ ಪವಾಡವೇನೂ ಇಲ್ಲ.

ಬಹಳ ಹೊತ್ತಾದ ಮೇಲೆ ಕಣ್ಣು ತೆರೆಯುತ್ತಾರೆ. ಮುಖದಲ್ಲಿ ಸಮಾಧಾನವಿಲ್ಲ.

"ಏನೂ ಕೆಟ್ಟಿಲ್ಲ. ಏನಾದ್ರೂ ಒಂದು ಕೆಟ್ಟಿದ್ರೆ ಚೆನ್ನಾಗಿತ್ತು. ಡ್ರೈವರಣ್ಣಂಗೆ ಈಗ ಏನಂತ ಹೇಳ್ಲಿ?"

ಡ್ರೈವರಣ್ಣ ಎಂದರೆ ಈ ಯಂತ್ರದ ಮಾಲೀಕರು. ಇದನ್ನು ಅವರು ವಾಪಸು ತಂದಿರುವುದು ಎರಡನೆಯ ಸಲ. ಮನೆಯಲ್ಲಿ ಆಡಲು ಕುಳಿತರೆ ತಲೆ ತಿರುಗುತ್ತದೆ ಎಂಬುದು ಅವರ ದೂರು. ಇಲ್ಲಿಗೆ ತಂದರೆ ಯಂತ್ರ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ.

ಕಡಿಮೆ ದುಡ್ಡಿನಲ್ಲಿ ಮೊದಲ ಬಾರಿಗೆ ಆಟದ ಕಂಪ್ಯೂಟರ್ ಕೊಳ್ಳುವವರಿಗೆ ಬಿಡಿಭಾಗಗಳನ್ನು ಆರಿಸಿ, ಜೋಡಿಸಿಕೊಡುವುದು ಇವರ ಕೆಲಸ. ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಇವರು ಸ್ಕ್ರೂ ಅಕ್ಕ. ಗಂಡ ಇದೇ ಕಟ್ಟಡದ ರಾತ್ರಿ ಕಾವಲುಗಾರ. ಆತನ ಪಾಳಿ ಮುಗಿಯುವ ಹೊತ್ತಿಗೆ ಈಕೆಯದು ಶುರುವಾಗುತ್ತದೆ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಒಂದು ಫ್ಲಾಸ್ಕಿನ ಚಹಾ ಮುಗಿಸುವುದೇ ಸಂಸಾರದ ಸಮಾಲೋಚನೆ. ರಾತ್ರಿ ಓಡುವ ಯಂತ್ರಗಳ ಮೇಲೆ ಕಣ್ಣಿಡುವುದೂ ಆತನದೇ ಹೊಣೆ. ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಬೇಕು.

"ಸಂಬಳ ಕೊಡೋರು ಕಳ್ಳರನ್ನ ಕಾಯಿ ಅಂತಾರೆ. ಇವಳು ಡಬ್ಬಿ ಕಾಯಿ ಅಂತಾಳೆ. ಕಳ್ಳರು ಬಂದ್ರೆ ಡಬ್ಬಿ ತೋರ್ಸಿ, ನೀವೇ ಸ್ವಲ್ಪ ನೋಡ್ಕೊಳ್ರಪ್ಪಾ ಅಂತೀನಿ," ಎನ್ನುತ್ತಾರೆ ಕಾವಲುಗಾರ.

"ಹೋಗಿ ಮಲಗ್ರೀ, ನಿದ್ದೆಗಣ್ಣಲ್ಲಿ ಮಾತು ಜಾಸ್ತಿ ನಿಮಗೆ," ಎಂದು ಅಕ್ಕ ಲೋಟ ಕಸಿದುಕೊಳ್ಳುತ್ತಾರೆ.

ಇದಕ್ಕೂ ಮುಂಚೆ ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆಗಿದ್ದರು. ಸಾಲಾಗಿ ನಿಂತ ಯಂತ್ರಗಳ ಮಧ್ಯೆ ನಡೆದುಹೋಗುತ್ತ, ಯಾವುದರ ಸೂಜಿ ಬಾಗಿದೆ, ಯಾವುದರ ಬೆಲ್ಟು ಸಡಿಲಾಗಿದೆ ಎಂದು ಸದ್ದಿನಲ್ಲೇ ಹಿಡಿಯುವುದನ್ನು ಕಲಿತದ್ದು ಅಲ್ಲಿ. ಕಾರ್ಖಾನೆ ಮುಚ್ಚಿತು. ನೆಲಮಾಳಿಗೆಯ ಗುಜರಿ ವ್ಯಾಪಾರಿಯೊಬ್ಬರು ಕಚೇರಿಗಳಿಂದ ಬರುವ ಹಳೆಯ ಕಂಪ್ಯೂಟರುಗಳ ಧೂಳು ಉಜ್ಜಲು ಇವರನ್ನು ಇಟ್ಟುಕೊಂಡರು. ಬಣ್ಣ ಬಳಿಯುವ ಬ್ರಶ್ ಹಿಡಿದು ವರ್ಷಗಟ್ಟಲೆ ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಯಾವುದಕ್ಕೆ ಜೀವ ಬರುತ್ತದೆ, ಯಾವುದು ಬಣ್ಣ ಬಳಿದ ಹೆಣ ಎಂಬುದು ತಿಳಿಯಿತು. ಆ ಧೂಳಿನ ಕೊಡುಗೆಯಾಗಿ ಬಂದ ಕೆಮ್ಮು ಇಂದಿಗೂ ಬಿಟ್ಟಿಲ್ಲ.

ಮೋಸ ಹೋಗಿದ್ದೂ ಇದೆ. ಹಳೆಯ ಗ್ರಾಫಿಕ್ಸ್ ಕಾರ್ಡಿನೊಳಗೆ ಹೊಸದರ ಹೆಸರು ಬರೆದು ಮಾರುವವರಿದ್ದಾರೆ. ಕಂಪ್ಯೂಟರಿಗೆ ಹಾಕಿದರೆ ತೆರೆಯ ಮೇಲೆ ಹೊಸ ಹೆಸರೇ ಬರುತ್ತದೆ, ಆಟ ಶುರುವಾದಾಗ ಮಾತ್ರ ಬಂಡವಾಳ ಬಯಲಾಗುತ್ತದೆ. ಅಂಥ ಒಂದು ಕಾರ್ಡು ಅಕ್ಕನ ಮೇಜಿನ ಒಂದು ಕಾಲಿನಡಿ ಸೇರಿದೆ. ನೆಲ ಅಲ್ಲಿ ಸ್ವಲ್ಪ ತಗ್ಗು. "ದುಬಾರಿ ಚಕ್ಕೆ ಅದು," ಎನ್ನುತ್ತಾರೆ.

ಸ್ಕ್ರೂ ಅಕ್ಕ ಎಂಬ ಹೆಸರು ಬಂದದ್ದು ಇವರ ವ್ಯಾಪಾರದ ರೀತಿಯಿಂದ. ಗಿರಾಕಿ ಬಂದು ಕುಳಿತ ಕೂಡಲೇ ಅವರ ಅಂಗೈಗೆ ಹತ್ತು ಸ್ಕ್ರೂ ಸುರಿಯುತ್ತಾರೆ. ನಿಮ್ಮ ಹತ್ತಿರ ಇರುವ ದುಡ್ಡು ಎಷ್ಟೇ ಆಗಿರಲಿ, ಅದನ್ನು ಹತ್ತು ಪಾಲು ಮಾಡಿದರೆ ಇಷ್ಟು ಎಂದು ಅರ್ಥ. ಮೇಜಿನ ಮೇಲೆ ಸೀಮೆಸುಣ್ಣದ ವೃತ್ತಗಳಿವೆ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಒಂದು, ಲೆಕ್ಕ ಮಾಡುವ ಪ್ರೊಸೆಸರಿಗೆ ಒಂದು, ಎಲ್ಲವನ್ನೂ ಹೊರುವ ಬೋರ್ಡಿಗೆ, ನೆನಪಿನ ಕಡ್ಡಿಗಳಿಗೆ, ಕರೆಂಟು ಹಂಚುವ ಪವರ್ ಸಪ್ಲೈಗೆ, ಪರದೆಗೆ. ಯಾವುದಕ್ಕೆ ಎಷ್ಟು ಸ್ಕ್ರೂ ಎಂದು ಗಿರಾಕಿಯೇ ಇಡಬೇಕು. ಅಕ್ಕ ಬಾಯಿ ಹಾಕುವುದು ಆಮೇಲೆ.

ಹೆಚ್ಚಿನವರು ಮಾಡುವುದು ಒಂದೇ. ಅರ್ಧಕ್ಕಿಂತ ಹೆಚ್ಚು ಸ್ಕ್ರೂ ಗ್ರಾಫಿಕ್ಸ್ ಕಾರ್ಡಿನ ಮೇಲೆ ಸುರಿದು, ಉಳಿದದ್ದನ್ನು ಅಲ್ಲಿ ಇಲ್ಲಿ ಚೆಲ್ಲುತ್ತಾರೆ. ಪವರ್ ಸಪ್ಲೈ ವೃತ್ತ ಖಾಲಿ. ಕೆಲವರು ಬಣ್ಣದ ದೀಪಗಳಿಗೆಂದು ಹೊಸ ವೃತ್ತವನ್ನೇ ಬರೆಯುವುದುಂಟು.

"ದೀಪ ಹಾಕಿದ್ರೆ ಆಟ ಜೋರಾಗಿ ಓಡಲ್ಲ. ಮದುವೆಮನೆ ಥರ ಕಾಣುತ್ತೆ ಅಷ್ಟೆ. ಊಟ ಹಾಕೋರು ಬೇಡ್ವಾ?" ಎಂದು ಅಕ್ಕ ಆ ಸ್ಕ್ರೂ ಎತ್ತಿ ಪವರ್ ಸಪ್ಲೈ ವೃತ್ತಕ್ಕೆ ಸರಿಸುತ್ತಾರೆ. ಇವರು ಹಟ ಹಿಡಿಯುವುದು ಅದೊಂದಕ್ಕೆ. ಕಾರ್ಡು ಹಳೆಯದಿರಬಹುದು, ಪರದೆ ಹಳೆಯದಿರಬಹುದು, ಕರೆಂಟು ಹಂಚುವ ಡಬ್ಬಿ ಮಾತ್ರ ಹೊಸದೇ ಆಗಬೇಕು. ಅದು ಸತ್ತರೆ ಒಂಟಿಯಾಗಿ ಸಾಯುವುದಿಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ. ವಾರಕ್ಕೆ ಮೂರೋ ನಾಲ್ಕೋ ಯಂತ್ರ ಈ ಮೇಜಿನಿಂದ ಹೊರಡುತ್ತವೆ. ಕೇಳಿಕೊಂಡು, ಸ್ಕ್ರೂ ಆಡಿಸಿ, ಬೇರೆಡೆ ಕೊಳ್ಳುವವರು ಅದರ ಎರಡರಷ್ಟು.

ಡ್ರೈವರಣ್ಣ ಬಂದಾಗ ಪಕ್ಕದ ಮೊಬೈಲ್ ಕವರಿನ ಅಂಗಡಿಯವರು ಅವರು ದಾರಿ ತಪ್ಪಿ ಇಳಿದಿದ್ದಾರೆ ಎಂದುಕೊಂಡರಂತೆ. ಐವತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಜೇಬಿನಲ್ಲಿ ತಂಪು ಕನ್ನಡಕ. ಮೂವತ್ತು ವರ್ಷ ಪಟ್ಟಣದ ಬಸ್ ಓಡಿಸಿದವರು. ಒಳಗಿವಿಯ ತೊಂದರೆಯಿಂದ ಆಗಾಗ ತಲೆ ತಿರುಗಲು ಶುರುವಾಗಿ, ವೈದ್ಯರು ದೊಡ್ಡ ವಾಹನ ಮುಟ್ಟಬಾರದು ಎಂದು ಬರೆದುಕೊಟ್ಟ ಮೇಲೆ ಮನೆಯಲ್ಲಿದ್ದಾರೆ. ಬಸ್ ಓಡಿಸುವ ಆಟವೊಂದು ಇದೆ ಎಂದು ಯಾರೋ ತೋರಿಸಿದ್ದಾರೆ. ಅದು ಬೇಕು, ಅದಕ್ಕೊಂದು ಯಂತ್ರ ಬೇಕು.

ಅಂದು ಜೊತೆಗೆ ಬಂದಿದ್ದ ಹೆಂಡತಿ ಮೇಜಿಗೆ ಬೆನ್ನು ಹಾಕಿ ನಿಂತಿದ್ದರು ಎಂದು ಅಕ್ಕ ನೆನೆಯುತ್ತಾರೆ. "'ಇಷ್ಟು ವರ್ಷ ಸಂಬಳ ತಗೊಂಡು ಬಸ್ ಓಡಿಸಿದ್ರಿ, ಈಗ ಕೈಯಿಂದ ದುಡ್ಡು ಹಾಕಿ ಓಡಿಸ್ತೀರಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣ್ರೀ' ಅಂತ ಒಂದೇ ಸಮ ಅಂದ್ರು. ಇವರು, 'ನಗ್ಲಿ ಬಿಡೇ, ಟಿಕೆಟ್ ಇಲ್ದೇ ನಗೋದು ತಾನೇ' ಅಂದ್ರು."

ಹತ್ತರಲ್ಲಿ ನಾಲ್ಕು ಸ್ಕ್ರೂ ಡ್ರೈವರಣ್ಣ ಮೊದಲೇ ಆಟದ ಸ್ಟೀರಿಂಗಿಗೆ ಇಟ್ಟರು. ಇನ್ನು ಮೂರು ಸ್ಕ್ರೂ ಮೂರು ಪರದೆಗಳಿಗೆ, ಏಕೆಂದರೆ ಎಡ ಬಲ ಕನ್ನಡಿ ಕಾಣಬೇಕು. ಅಕ್ಕ ಎರಡು ಪ್ರಶ್ನೆ ಕೇಳಿದರು. ತಲೆ ತಿರುಗುವುದು ಯಾವಾಗ? ಇಂಜಿನ್ ಇಲ್ಲದ ಬಸ್ಸಿಗೆ ಇಷ್ಟು ಒಳ್ಳೆಯ ಸ್ಟೀರಿಂಗ್ ಇಟ್ಟು ಎಲ್ಲಿಗೆ ಹೋಗುತ್ತೀರಿ?

ಮೊದಲ ಪ್ರಶ್ನೆಯೇ ಮುಖ್ಯವಾಯಿತು. ಪರದೆಯ ಮೇಲೆ ಓಡುವ ರಸ್ತೆ ನಿಜಕ್ಕೂ ಒಂದರ ಹಿಂದೊಂದು ಬರುವ ಸ್ತಬ್ಧಚಿತ್ರಗಳ ಸರಣಿ. ಅವು ಒಂದೇ ಲಯದಲ್ಲಿ ಬರುತ್ತಿದ್ದರೆ ಕಣ್ಣು ಅದನ್ನು ಚಲನೆ ಎಂದು ನಂಬುತ್ತದೆ. ಲಯ ತಪ್ಪಿ ತಪ್ಪಿ ಬಂದರೆ ಕೈ ತಿರುಗಿಸಿದ್ದು ಒಂದು, ಕಣ್ಣಿಗೆ ಕಂಡದ್ದು ಇನ್ನೊಂದು ಆಗುತ್ತದೆ. ಆರೋಗ್ಯವಂತರಿಗೂ ಇದರಿಂದ ತಲೆ ಸುತ್ತುತ್ತದೆ. ಸಮತೋಲನದ ಅಂಗವೇ ಕೆಟ್ಟಿರುವವರಿಗೆ ಕೇಳಬೇಕೆ? ಆದ್ದರಿಂದ ಚಂದದ ಚಿತ್ರಕ್ಕಿಂತ ಸಮನಾದ ಚಿತ್ರ ಮುಖ್ಯ ಎಂದು ಅಕ್ಕ ತೀರ್ಮಾನಿಸಿದರು. ಪರದೆ ಒಂದೇ ಸಾಕು. ಸ್ಟೀರಿಂಗ್ ಹಳೆಯದು. ಗ್ರಾಫಿಕ್ಸ್ ಕಾರ್ಡು ಹಿಂದಿನ ಪೀಳಿಗೆಯದು, ಆದರೆ ಈ ಆಟಕ್ಕೆ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ಬಲದ್ದು. ನೆನಪಿನ ಕಡ್ಡಿ ದೊಡ್ಡದು ಒಂದರ ಬದಲು ಚಿಕ್ಕವು ಎರಡು, ಆಗ ಪ್ರೊಸೆಸರಿಗೆ ಎರಡು ಬಾಗಿಲಿಂದ ಸಾಮಾನು ಬಂದಂತೆ. ಗಾಜಿನ ಮುಖದ ಡಬ್ಬಿ ಬೇಡ, ಜಾಲರಿ ಮುಖದ್ದಿರಲಿ, ಗಾಳಿಯಾಡುತ್ತದೆ.

ಎಲ್ಲ ಸರಿಯಾಗಿಯೇ ಆರಿಸಿದ್ದರು. ಹಾಗಿದ್ದೂ ಯಂತ್ರ ಎರಡು ಸಲ ಹಿಂದಕ್ಕೆ ಬಂದಿದೆ.

ಅಂಗಡಿಗಳು ತೆರೆಯುವ ಹೊತ್ತಿಗೆ ಡ್ರೈವರಣ್ಣ ಮೆಟ್ಟಿಲಿಳಿದು ಬರುತ್ತಾರೆ. ಬಲಗೈ ಗೋಡೆಯನ್ನು ಸವರುತ್ತ ಬರುತ್ತದೆ. ಅಕ್ಕ ಯಂತ್ರವನ್ನು ಅವರೆದುರೇ ಓಡಿಸಿ ತೋರಿಸುತ್ತಾರೆ. ಬಸ್ ಮೂರು ತಿರುವು ದಾಟುತ್ತದೆ, ಎಲ್ಲೂ ಎಡವುವುದಿಲ್ಲ.

"ಚೆನ್ನಾಗೇ ಇದೆ," ಎನ್ನುತ್ತಾರೆ ಡ್ರೈವರಣ್ಣ.

"ಹೂಂ, ಚೆನ್ನಾಗೇ ಇದೆ ಅಣ್ಣ. ರಾತ್ರಿಯೆಲ್ಲ ಓಡಿಸಿದೀನಿ."

"ಹಾಗಾದ್ರೆ ಇದನ್ನ ನೀನೇ ಇಟ್ಕೊಂಡು ಬೇರೆ ಯಾರಿಗಾದ್ರೂ ಕೊಟ್ಬಿಡಮ್ಮ."

"ಯಾಕಣ್ಣ?"

"ಮಿಷಿನ್ ಕೆಟ್ಟಿದೆ ಅಂತ ನಂಬ್ಕೊಂಡಿದ್ದೆ. ಮಿಷಿನ್ ಸರಿ ಇದ್ರೆ ಕೆಟ್ಟಿರೋದು ನಾನೇ ಅಂತಾಯ್ತಲ್ಲ. ಬಸ್ಸಂತೂ ಹೋಯ್ತು. ಬೊಂಬೆ ಬಸ್ಸೂ ನಂಗೆ ಆಗಲ್ಲ ಅಂದ್ರೆ, ಮನೇಲಿ ಎದುರಿಗಿಟ್ಕೊಂಡು ಏನು ಮಾಡ್ಲಿ?"

ಪಕ್ಕದ ಮೊಬೈಲ್ ಕವರಿನವರು ಫೋನಿನಲ್ಲಿ ಹಾಕಿದ್ದ ಹಾಡು ನಿಲ್ಲಿಸುತ್ತಾರೆ. ಅಕ್ಕ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಾರೆ.

"ಮನೇಲಿ ಯಾವ ಹೊತ್ತಲ್ಲಿ ಆಡ್ತೀರಾ?"

"ಮಧ್ಯಾಹ್ನದ ಮೇಲೆ. ನಂದು ಎರಡನೇ ಪಾಳಿ ಇತ್ತಲ್ಲ, ಅದೇ ಅಭ್ಯಾಸ."

"ನಡೀರಿ ಹಾಗಾದ್ರೆ, ಮಧ್ಯಾಹ್ನ ನಾನೂ ಬರ್ತೀನಿ. ನನ್ನೆದುರು ಓಡ್ಸಿ. ಆಮೇಲೂ ಬೇಡ ಅನ್ಸಿದ್ರೆ ನಾನೇ ಹೊತ್ಕೊಂಡು ವಾಪಸ್ ಬರ್ತೀನಿ."

ಮನೆ ಮೂರನೆಯ ಮಹಡಿಯಲ್ಲಿದೆ, ಅದರ ಮೇಲೆ ತಾರಸಿ. ಮಧ್ಯಾಹ್ನದ ಬಿಸಿಲು ಕುಡಿದ ಛಾವಣಿ ಕೋಣೆಯೊಳಗೆ ಕಾವನ್ನು ಇಳಿಸುತ್ತಿದೆ. ಗೋಡೆಗೊಂದು ಮಂಚ, ಕಿಟಕಿ ಬಳಿ ಹೊಲಿಗೆ ಯಂತ್ರ, ಮೂಲೆಯಲ್ಲಿ ಮೇಜು. ಮೇಜಿನಂಚಿಗೆ ಸ್ಟೀರಿಂಗ್ ಬಿಗಿದಿದೆ. ಎದುರಿನ ಕುರ್ಚಿಯ ಮೇಲೆ ಬಸ್ಸಿನ ಸೀಟಿನಂಥ ದಿಂಬು. ಅಕ್ಕ ತಂತಿಗಳನ್ನೆಲ್ಲ ಜೋಡಿಸುತ್ತಾರೆ. ಡ್ರೈವರಣ್ಣ ಕುಳಿತು, ಅಭ್ಯಾಸಬಲದಿಂದ ಇಲ್ಲದ ಕನ್ನಡಿಯೊಂದನ್ನು ಸರಿಪಡಿಸಲು ಕೈ ಎತ್ತಿ, ನಾಚಿ ಇಳಿಸುತ್ತಾರೆ.

"ತಡೀರಿ, ತಡೀರಿ," ಎನ್ನುತ್ತ ಹೆಂಡತಿ ಒಳಗಿನಿಂದ ಬರುತ್ತಾರೆ. ಕೈಯಲ್ಲಿ ಮಡಿಸಿ ಇಸ್ತ್ರಿ ಮಾಡಿದ ಬಟ್ಟೆ. ಕೊಡವಿದಾಗ ಅದು ಚೌಕಾಕಾರದ ಗವಸು. ನೀಲಿ ದಪ್ಪ ಬಟ್ಟೆ, ಅಂಚಿಗೆ ಬಿಳಿ ಪಟ್ಟಿ, ಗುಂಡಿ ಒತ್ತಲು ಒಂದು ಗುಂಡನೆಯ ತೂತು, ತಂತಿಗಳಿಗೆ ಹಿಂದೆ ಒಂದು ಸೀಳು. ಮಗುವಿಗೆ ಅಂಗಿ ತೊಡಿಸುವಂತೆ ಅದನ್ನು ಕಂಪ್ಯೂಟರಿನ ಮೇಲೆ ಇಳಿಸಿ ಎಳೆದು ಸರಿಮಾಡುತ್ತಾರೆ. "ಅಂಗಡಿಗೆ ಹೋಗುವಾಗ ತೆಗೆದಿಟ್ಟಿದ್ದೆ. ಅಲ್ಲಿ ಎಣ್ಣೆ ಗಿಣ್ಣೆ ತಾಗಿದ್ರೆ ಹೋಗಲ್ಲ ನೋಡಿ."

ಅಕ್ಕ ಗವಸನ್ನು ನೋಡುತ್ತಾರೆ. "ಓಡ್ಸಿ ಅಣ್ಣ," ಎಂದಷ್ಟೇ ಹೇಳಿ ಮಂಚದ ಅಂಚಿನಲ್ಲಿ ಕುಳಿತುಕೊಳ್ಳುತ್ತಾರೆ.

ಬಸ್ ಡಿಪೋದಿಂದ ಹೊರಡುತ್ತದೆ. ಮೊದಲ ನಿಲ್ದಾಣದವರೆಗೆ ಎಲ್ಲ ಸರಿಯಿದೆ. ಜಾಲರಿಯಿಂದ ಒಳಗೆ ಬರಬೇಕಾದ ಗಾಳಿಗೆ ಗವಸು ಅಡ್ಡ. ಹಿಂದಿನಿಂದ ಹೊರಗೆ ಹೋಗಬೇಕಾದ ಬಿಸಿ ಗಾಳಿಯೂ ಅದರೊಳಗೇ ಸುತ್ತುತ್ತದೆ. ಗ್ರಾಫಿಕ್ಸ್ ಕಾರ್ಡು ಒಂದು ಮಿತಿಗಿಂತ ಕಾದರೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಸ್ವಲ್ಪ ತಣಿದರೆ ಮತ್ತೆ ಏರಿಸುತ್ತದೆ. ಎರಡನೆಯ ತಿರುವಿನ ಹೊತ್ತಿಗೆ ರಸ್ತೆ ಬಿಕ್ಕಳಿಸಲು ಶುರುಮಾಡುತ್ತದೆ. ಡ್ರೈವರಣ್ಣನ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಗಿಯಾಗುತ್ತವೆ.

"ನೋಡಮ್ಮ, ಶುರುವಾಯ್ತು," ಎಂದು ಕಣ್ಣು ಮುಚ್ಚುತ್ತಾರೆ. "ನಾನು ಹೇಳ್ಲಿಲ್ವಾ, ನಂದೇ ತಲೆ."

"ನಿಮ್ಮ ತಲೆ ಅಲ್ಲಣ್ಣ. ನಂಗೂ ಕಾಣಿಸ್ತು. ಬಸ್ಸೇ ತಡವರಿಸ್ತಿದೆ." ಅಕ್ಕ ಎದ್ದು ಗವಸಿನ ಮೇಲೆ ಅಂಗೈ ಇಟ್ಟು, ತಟ್ಟನೆ ತೆಗೆಯುತ್ತಾರೆ. ಆಮೇಲೆ ಅದರ ಅಂಚನ್ನು ಮಗುಚಿ ನೋಡಿ, "ಇದು ಯಾರ ಹೊಲಿಗೆ ಅತ್ತಿಗೆ? ಎರಡೆಳೆ ಹಾಕಿದೀರಾ. ಹತ್ತು ವರ್ಷ ಆದ್ರೂ ಬಿಚ್ಚಲ್ಲ ಇದು," ಎನ್ನುತ್ತಾರೆ.

"ಇವರ ಬಸ್ಸಿನ ಸೀಟಿಗೂ ನಾನೇ ಹೊಲೀತಿದ್ದೆ. ಡಿಪೋದಲ್ಲಿ ಬೇರೆ ಯಾರ ಸೀಟೂ ಅಷ್ಟು ನೀಟಾಗಿರ್ತಿರ್ಲಿಲ್ಲ." ಹೆಂಡತಿಯ ದನಿ ಕ್ರಮೇಣ ಇಳಿಯುತ್ತದೆ. ಅಕ್ಕನ ಕೈ ಎಲ್ಲಿದೆ ಎಂದು ಅವರಿಗೀಗ ಕಾಣಿಸಿದೆ. "ಏನಮ್ಮಾ? ಇದ್ರಿಂದಾನಾ?"

"ತಪ್ಪು ನಂದು ಅತ್ತಿಗೆ. ಎಲ್ಲಿಡ್ತೀರಾ, ಹೇಗಿಡ್ತೀರಾ ಅಂತ ಒಂದು ಮಾತು ಕೇಳ್ಬೇಕಿತ್ತು. ಬೆಳಗಿನ ತಂಪಲ್ಲಿ ಬೆತ್ತಲೆ ಡಬ್ಬೀನ ಕೇಳಿಸ್ಕೊಂಡು, ಚೆನ್ನಾಗಿದೆ ಅಂತ ಕಳಿಸ್ಬಿಟ್ಟೆ. ಅದಕ್ಕೂ ಉಸಿರು ಬೇಕು, ಅಷ್ಟೆ."

"ಅಂದ್ರೆ ಇಷ್ಟು ದಿನ ಇವರ ತಲೆ ತಿರುಗಿಸಿದ್ದು ನಾನು!"

"ಮದುವೆಯಾದಾಗಿಂದ ಅದೇ ತಾನೇ ಕೆಲಸ," ಎನ್ನುತ್ತಾರೆ ಡ್ರೈವರಣ್ಣ, ಕಣ್ಣು ಮುಚ್ಚಿಕೊಂಡೇ.

ಹೆಂಡತಿ ನಗುವುದಿಲ್ಲ. ಗವಸು ಕಿತ್ತು, ಕಿಟಕಿಯ ಬಳಿ ಒಯ್ದು, ಕತ್ತರಿ ಎತ್ತಿಕೊಳ್ಳುತ್ತಾರೆ. ಅಷ್ಟು ಗಟ್ಟಿಯಾದ ಹೊಲಿಗೆಯನ್ನು ಬಿಚ್ಚುವ ಗೋಜಿಗೆ ಹೋಗದೆ ಮುಂಭಾಗವನ್ನೂ ಹಿಂಭಾಗವನ್ನೂ ಕತ್ತರಿಸಿಯೇ ಹಾಕುತ್ತಾರೆ. ಅಕ್ಕ ಎಲ್ಲೆಲ್ಲಿ ಗಾಳಿ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಪೆಟ್ಟಿಗೆಯಿಂದ ಹಳೆಯ ಸೊಳ್ಳೆ ಪರದೆಯ ತುಂಡು ಹೊರಬರುತ್ತದೆ. ಇಬ್ಬರೂ ಅದನ್ನು ಕಿಟಕಿಗೆ ಹಿಡಿದು, ಊದಿ, ಜಾಲದ ಕಣ್ಣು ದೊಡ್ಡದಿದೆ, ಸಾಕು ಎಂದುಕೊಳ್ಳುತ್ತಾರೆ. ಹೊಲಿಗೆ ಯಂತ್ರ ಓಡುವಾಗ ಅಕ್ಕ ತಮಗರಿವಿಲ್ಲದೆ ತಲೆ ವಾಲಿಸುತ್ತಾರೆ. "ಕೆಳಗಿನ ಬಾಬಿನ್ ಸ್ವಲ್ಪ ಸಡಿಲ ಇದೆ ಅತ್ತಿಗೆ, ಆಮೇಲೆ ನೋಡ್ತೀನಿ."

"ಮೊದ್ಲು ಇವರದು ಮುಗೀಲಿ."

ಗವಸು ಮತ್ತೆ ಯಂತ್ರದ ಮೇಲೇರುತ್ತದೆ. ನೀಲಿ ಬಟ್ಟೆಯ ನಡುವೆ ಬಿಳಿ ಜಾಲ, ಅದರ ಹಿಂದೆ ಕಪ್ಪು ಜಾಲರಿ. ಅಕ್ಕ ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿಯ ಅಂಕಿ ಕಾಣುವಂತೆ ಮಾಡಿ, ಅಂಗೈಯನ್ನು ಯಂತ್ರದ ಹಿಂಭಾಗಕ್ಕೆ ಹಿಡಿದು ನಿಲ್ಲುತ್ತಾರೆ. ಬಿಸಿ ಗಾಳಿ ಧಾರಾಳವಾಗಿ ಹೊರಬರುತ್ತಿದೆ.

ಡ್ರೈವರಣ್ಣ ತಕ್ಷಣ ಶುರುಮಾಡುವುದಿಲ್ಲ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನೆ ಕೂರುತ್ತಾರೆ. ಈಗಲೂ ತಲೆ ತಿರುಗಿದರೆ ಹೇಳಲು ಇನ್ನೊಂದು ಕಾರಣ ಉಳಿದಿಲ್ಲ ಎಂದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು.

ಡಿಪೋ. ಮೊದಲ ನಿಲ್ದಾಣ. ಮೊದಲ ತಿರುವು. ಎರಡನೆಯ ತಿರುವಿಗೆ ಅವರು ವೇಗ ತಗ್ಗಿಸಿ, ಬಸ್ಸಿನ ಹಿಂಬದಿ ಪಾದಚಾರಿ ಕಟ್ಟೆಗೆ ತಾಗದಂತೆ ಅಗಲಕ್ಕೆ ತಿರುಗಿಸುತ್ತಾರೆ. ರಸ್ತೆ ತುಂಡಾಗುವುದಿಲ್ಲ. ಸೇತುವೆ ಬರುತ್ತದೆ, ಹೋಗುತ್ತದೆ. ಅಂಕಿ ಒಂದು ಕಡೆ ಹೋಗಿ ನಿಲ್ಲುತ್ತದೆ. ಡ್ರೈವರಣ್ಣನ ಭುಜ ಕುರ್ಚಿಯ ಬೆನ್ನಿಗೆ ಒರಗುತ್ತದೆ. ಎಡಗೈ ಸ್ಟೀರಿಂಗ್ ಬಿಟ್ಟು ತೊಡೆಯ ಮೇಲೆ ಬಂದು ಕೂರುತ್ತದೆ. ಮೂವತ್ತು ವರ್ಷ ಅದು ಅಲ್ಲೇ ಇದ್ದಿರಬೇಕು.

ಹೆಂಡತಿ ಕುರ್ಚಿಯ ಹಿಂದೆ ಬಂದು ನಿಂತಿದ್ದಾರೆ.

"ರೀ, ಅಲ್ಲೊಬ್ಳು ಓಡ್ಕೊಂಡು ಬರ್ತಿದಾಳೆ, ನಿಲ್ಸಿ."

"ಟೈಮಾಗಿದೆ ಕಣೇ. ಅದೂ ಅಲ್ದೆ ಅವಳು ಕಂಪ್ಯೂಟರಿನವಳು."

"ಕಂಪ್ಯೂಟರಿನವಳಾದ್ರೆ ನಡ್ಕೊಂಡು ಹೋಗ್ಬೇಕಾ? ಕೈಲಿ ಚೀಲ ಬೇರೆ ಇದೆ. ನಿಲ್ಸಿ ಅಂದ್ರೆ."

ಬಸ್ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. "ಕೈಯಿಂದ ದುಡ್ಡು ಹಾಕಿ ಓಡಿಸೋ ಬಸ್ಸಲ್ಲೂ ನಿಂದೇ ಕಂಡಕ್ಟರಿಕೆ," ಎಂದು ಗೊಣಗುತ್ತಾರೆ ಡ್ರೈವರಣ್ಣ, ಚೀಲದವಳು ಹತ್ತುವವರೆಗೆ ಕಾಯುತ್ತ. ಮುಂದಿನ ನಿಲ್ದಾಣ ಎಡಕ್ಕೋ ಬಲಕ್ಕೋ ಎಂಬ ಬಗ್ಗೆ ಗಂಡಹೆಂಡಿರಲ್ಲಿ ವಾದ ಹತ್ತಿಕೊಳ್ಳುತ್ತದೆ.

ಅಕ್ಕ ಸದ್ದಿಲ್ಲದೆ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಮೂರು ಮಹಡಿ ಇಳಿದು ಬೀದಿಗೆ ಬಂದ ಮೇಲೆ, ಜೊತೆಯಲ್ಲಿದ್ದ ನಾನು ಹೇಳಿ ಬರಬಹುದಿತ್ತಲ್ಲ ಎಂದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ಓಡ್ತಿರೋ ಬಸ್ಸಲ್ಲಿ ಡ್ರೈವರ್ ಜೊತೆ ಮಾತಾಡ್ಬಾರ್ದು. ಮಿಷಿನ್ ಹೇಗಿದೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನನ್ನ ಸ್ಟಾಪ್ ಬಂತು, ಇಳ್ಕೊಂಡೆ."